ಒಂದು ಕಿವಿ ತೆರೆದಿಟ್ಟು

ಫೆಬ್ರವರಿ 9

ಅಕ್ಕಾ,

ನಾನು ಬದುಕಿದ್ದೇನೆ. ಈ ಸಾಲನ್ನೇ ಮೊದಲು ಬರೆಯಬೇಕು ಅನ್ನಿಸಿತು. ನಿಮ್ಮ ಹಡಗಿಗೆ ಹಳೆಯ ಪತ್ರಿಕೆಗಳು ಬರುತ್ತವೆ ಅಂದಿದ್ದೆಯಲ್ಲ, ಓದಿ ಗಾಬರಿಯಾಗಿರುತ್ತೀಯ. ನನ್ನ ಫೋನು ತನಿಖೆಯವರ ಹತ್ತಿರ ಇದೆ. ನಿಮ್ಮಲ್ಲೋ ಕಪ್ತಾನರ ಫೋನು ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಕಾಗದವೇ ಗತಿ.

ಜನವರಿ ಕೊನೆಯ ಭಾನುವಾರ ಮಧ್ಯಾಹ್ನ, ನೀನು ಮೊದಲು ಅಡುಗೆ ಮಾಡುತ್ತಿದ್ದ ಅದೇ ಸಭಾಂಗಣದಲ್ಲಿ ಫಾರ್ಮಸಿ ಕಾಲೇಜಿನವರ ಬೀಳ್ಕೊಡುಗೆ ಇತ್ತು. ಡಿಜೆ ನಾನು. ಉಗ್ರಾಣದ ವೈರು ಹೊತ್ತಿಕೊಂಡು ಹೊಗೆ ತುಂಬಿತು. ಹಿಂಬಾಗಿಲ ಕಡೆ ಓಡಿದವರಿಗೆ ಬಾಗಿಲು ತೆರೆಯಲಿಲ್ಲ, ಸರಪಳಿ ಬಿಗಿದಿತ್ತು. ಆರು ಜನ ಹೋದರು. ಅವರಲ್ಲಿ ಒಬ್ಬಳು ನಮ್ಮ ಕೆಳಮನೆಯ ಟೈಲರಮ್ಮನ ಮಗಳು. ನನ್ನನ್ನು ಲೈಟಿನವನು ವೇದಿಕೆ ಪಕ್ಕದ ಕಿಟಕಿಯಿಂದ ಎಳೆದು ಹೊರಗೆ ಹಾಕಿದ. ಮೊಣಕೈ ತರಚಿದ್ದು ಬಿಟ್ಟರೆ ನನಗೆ ಏನೂ ಆಗಿಲ್ಲ. ಅದನ್ನು ಹೇಳಲೂ ನಾಚಿಕೆಯಾಗುತ್ತದೆ.

ಕನ್ನಡಕದ ಅಂಗಡಿಯ ಯಜಮಾನರು ಸ್ವಲ್ಪ ದಿನ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಗಾಜು ಉಜ್ಜುವಾಗ ಎರಡು ಒಡೆದೆ, ಅವರದು ತಪ್ಪಲ್ಲ. ಮನೆಯಲ್ಲಿ ಕಿಟಕಿ ಪಕ್ಕ ನಾನು ಹಾಡು ಕೂಡಿಸಿ ಅಭ್ಯಾಸ ಮಾಡುವ ಹಳೆಯ ಮಿಕ್ಸರ್ ಇದೆಯಲ್ಲ, ಮಧ್ಯಾಹ್ನವೆಲ್ಲ ಅದರ ಮುಂದೆ ಕೂರುತ್ತೇನೆ. ಸ್ಪೀಕರ್ ಹಾಕುವುದಿಲ್ಲ. ಹೆಡ್‌ಫೋನ್ ಮಾತ್ರ.

ಒಂದು ಮಾತು ಕೇಳಬೇಕಿತ್ತು. ನೀನು ಅಲ್ಲಿ ನಾಲ್ಕು ವರ್ಷ ಇದ್ದವಳು. ಹಿಂಬಾಗಿಲಿಗೆ ಯಾವಾಗಲೂ ಸರಪಳಿ ಹಾಕುತ್ತಿದ್ದರಾ? ಸಭಾಂಗಣದ ಯಜಮಾನರು ತನಿಖೆಯವರ ಮುಂದೆ ಎಂದೂ ಇರಲಿಲ್ಲ ಅನ್ನುತ್ತಿದ್ದಾರೆ.

ನಿನ್ನ ತಮ್ಮ


ಫೆಬ್ರವರಿ 23

ತಮ್ಮಾ,

ನಿನ್ನ ಅಕ್ಷರ ನೋಡಿದ ಮೇಲೆ ಉಸಿರು ಬಂತು. ಪತ್ರಿಕೆ ನಾಲ್ಕು ದಿನ ಮುಂಚೆಯೇ ಬಂದಿತ್ತು. ಆ ನಾಲ್ಕು ದಿನ ನಾನು ಏನು ಬೇಯಿಸಿದೆನೋ, ಇಪ್ಪತ್ತೆಂಟು ಜನ ಏನು ತಿಂದರೋ ಗೊತ್ತಿಲ್ಲ. ಸೂಪಿಗೆ ಎರಡು ಸಲ ಉಪ್ಪು ಬಿದ್ದಿತ್ತು ಅಂತ ಕಪ್ತಾನರು ಆಮೇಲೆ ಹೇಳಿದರು. ಆಗ ಯಾರೂ ಬಾಯಿ ಬಿಟ್ಟಿರಲಿಲ್ಲ.

ನೀನು ಅಭ್ಯಾಸಕ್ಕೆ ಕೂತಿದ್ದೀಯ ಅಂತ ಓದಿ ಸಮಾಧಾನ ಆಯಿತು. ಅದನ್ನು ಬಿಡಬೇಡ. ಕೈಗೆ ಕೆಲಸ ಇದ್ದರೆ ತಲೆ ತಾನಾಗಿ ಸುಮ್ಮನಾಗುತ್ತದೆ. ಅಮ್ಮ ಹೋದ ವರ್ಷ ನಾನು ಹಾಗೆಯೇ ಉಳಿದುಕೊಂಡೆ, ದಿನವಿಡೀ ಈರುಳ್ಳಿ ಹೆಚ್ಚುತ್ತಾ. ಅತ್ತರೂ ಯಾರೂ ಕೇಳುತ್ತಿರಲಿಲ್ಲ. ಇನ್ನೊಂದು ಆರು ತಿಂಗಳಿಗೆ ಜನ ಮರೆಯುತ್ತಾರೆ. ಬೇರೆ ಜಾಗದಲ್ಲಿ ನಿನಗೆ ಕೆಲಸ ಸಿಗುತ್ತದೆ.

ಇಲ್ಲಿ ಸಮುದ್ರದ ತಳ ಅಳೆಯುವುದು ಮುಗಿಯುವ ಲಕ್ಷಣವಿಲ್ಲ. ಹತ್ತು ದಿನ ಮಂಜು. ಸಾಮಾನಿನ ದೋಣಿ ಬಂದಾಗಲೇ ಟಪಾಲು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬ್ರೆಡ್ಡು ತಿಂದು ಊಟವಾಯಿತು ಅಂತ ಬರೆಯಬೇಡ, ನನಗೆ ಗೊತ್ತಾಗುತ್ತದೆ.

ಟೈಲರಮ್ಮನಿಗೆ ಏನು ಹೇಳಲಿ. ನನ್ನ ಪರವಾಗಿ ನೀನೇ ಏನಾದರೂ ಹೇಳು.

ಅಕ್ಕ


ಮಾರ್ಚ್ 6

ಅಕ್ಕಾ,

ಟೈಲರಮ್ಮನ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ. ಅವರ ಮೆಷಿನ್ ಸದ್ದು ಕೇಳುತ್ತಿರುವಾಗ ಮೆಟ್ಟಿಲಿಳಿಯುತ್ತೇನೆ. ಅದು ನಿಂತಿದ್ದರೆ ಮನೆಯಲ್ಲೇ ಇರುತ್ತೇನೆ.

ಅಭ್ಯಾಸದ ವಿಷಯ ನೀನು ತಪ್ಪು ತಿಳಿದಿದ್ದೀಯ. ಬೇರೆ ಕೆಲಸಕ್ಕಾಗಿ ನಾನು ಕೈ ಪಳಗಿಸುತ್ತಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಮಾಡುತ್ತಿದ್ದೇನೆ. ಅಂದಿನ ನಲವತ್ತೊಂದನೆಯ ನಿಮಿಷ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಒಂದು ಹಾಡು ಹೊರಗೆ ನಡೆಯುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿ ಎರಡರ ತಾಳ ಕೂಡಿಸಬೇಕು. ಕೂಡಿದ ಮೇಲೆ ಮೆಲ್ಲಗೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು. ಕೇಳುವವರಿಗೆ ಹೊಲಿಗೆ ಕಾಣಬಾರದು. ಇದನ್ನು ಒಂದೇ ಕಿವಿಯಲ್ಲಿ ಮಾಡಬೇಕು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಸಭೆಗೆ. ಮೊದಲ ದಿನ ಕಲಿಸುವ ಪಾಠ ಇದು. ನನಗೆ ಅದು ಎಂದೂ ಒಗ್ಗಿರಲಿಲ್ಲ. ಕಷ್ಟದ ಜಾಗ ಬಂದರೆ ಎರಡೂ ಕಿವಿ ಮುಚ್ಚಿಬಿಡುತ್ತಿದ್ದೆ.

ಅಂದೂ ಮುಚ್ಚಿದ್ದೆ. ನಡೆಯುತ್ತಿದ್ದದ್ದು ಓಟದ ಹಾಡು, ಮುಂದೆ ಬರಬೇಕಾದದ್ದು ತುಂಬಾ ನಿಧಾನದ್ದು. ಎರಡೂ ಸೇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಹೆಸರು ಕೂಗಲು ಮೈಕ್ ತೆರೆದವನು ಹಾಗೆಯೇ ಮೇಜಿನ ಮೇಲೆ ಇಟ್ಟಿದ್ದೆ. ಅದು ಕುಯ್ ಅನ್ನುತ್ತಿರುವುದು ಹೆಡ್‌ಫೋನಿನೊಳಗೂ ಗೊತ್ತಾಯಿತು. ತಲೆ ಎತ್ತದೆ ಗುಂಡಿ ತಿರುಗಿಸಿ ಮೈಕ್ ಸದ್ದು ಅಡಗಿಸಿದೆ.

ಮಿಕ್ಸರ್ ಎಲ್ಲವನ್ನೂ ರೆಕಾರ್ಡ್ ಮಾಡುತ್ತದೆ, ಅಕ್ಕ. ಪೆನ್‌ಡ್ರೈವ್ ನನ್ನ ಜೇಬಿನಲ್ಲಿತ್ತು, ಯಾರೂ ಕೇಳಲಿಲ್ಲ. ಮನೆಗೆ ಬಂದು ಹಾಕಿ ಕೇಳಿದೆ. ನಾನು ಗುಂಡಿ ತಿರುಗಿಸುವ ಮುಂಚೆ ಒಂದು ಹುಡುಗಿಯ ದನಿ, ಮೈಕಿನ ಹತ್ತಿರವೇ: “ಬಾಗ್ಲು ತೆಗೀತಿಲ್ಲ. ಹಾಡು ನಿಲ್ಸಿ, ಬಾಗ್ಲು ತೆಗೀತಿಲ್ಲ.” ಆಮೇಲೆ ದನಿ ಇಲ್ಲ. ಅಡಗಿಸಿದ್ದು ನಾನೇ. ಹಾಡು ಇನ್ನೂ ಮೂರು ನಿಮಿಷ ನಡೆದಿದೆ.

ಆ ಜಾಗವನ್ನು ಒಂದು ಕಿವಿ ತೆರೆದಿಟ್ಟು ಮಾಡಲು ಆಗುತ್ತಿತ್ತಾ ಅಂತ ದಿನವೂ ನೋಡುತ್ತಿದ್ದೇನೆ. ಮೊದಲ ವಾರ ಆಗಲಿಲ್ಲ. ಈಗ ಆಗುತ್ತದೆ. ಹತ್ತರಲ್ಲಿ ಎಂಟು ಸಲ ಆಗುತ್ತದೆ.

ಸರಪಳಿಯ ವಿಷಯ ನೀನು ಬರೆಯಲೇ ಇಲ್ಲ.

ತಮ್ಮ


ಮಾರ್ಚ್ 19

ತಮ್ಮಾ,

ದೋಣಿ ಹೊರಡಲು ಅರ್ಧ ಗಂಟೆ ಇದೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಆ ಪೆನ್‌ಡ್ರೈವನ್ನು ಯಾರಿಗೂ ಕೊಡಬೇಡ. ಅದರಲ್ಲಿರುವುದನ್ನು ಅಳಿಸಿಬಿಡು. ಯಾರೂ ಕೇಳದೆ ಇರುವುದನ್ನು ನೀನಾಗಿ ತೆಗೆದುಕೊಂಡು ಹೋಗಿ ಕೊಟ್ಟರೆ ಎಲ್ಲರ ಬೆರಳೂ ನಿನ್ನ ಕಡೆ ತಿರುಗುತ್ತದೆ. ಸತ್ತವರು ಎದ್ದು ಬರುವುದಿಲ್ಲ. ನಿನಗೆ ಇಪ್ಪತ್ತಾರು ವಯಸ್ಸು. ನನಗೆ ನೀನೊಬ್ಬನೇ ಇರುವುದು.

ಆ ಜಾಗ ಅಭ್ಯಾಸ ಮಾಡುವುದನ್ನೂ ನಿಲ್ಲಿಸು. ಅದು ಅಭ್ಯಾಸವಲ್ಲ, ಗಾಯ ಕೆರೆದುಕೊಳ್ಳುವುದು. ಬೇರೆ ಹಾಡುಗಳನ್ನು ಹಾಕು.

ಸರಪಳಿಯ ವಿಷಯ ನನಗೆ ನೆನಪಿಲ್ಲ. ನಾನು ಒಲೆ ಮುಂದೆ ಇರುತ್ತಿದ್ದವಳು. ಬಾಗಿಲು ನೋಡುವ ಕೆಲಸ ನನ್ನದಾಗಿರಲಿಲ್ಲ.

ಅಕ್ಕ


ಏಪ್ರಿಲ್ 4

ಅಕ್ಕಾ,

ಅಳಿಸಲಿಲ್ಲ. ಕೊಟ್ಟುಬಿಟ್ಟೆ. ಹೇಗಾಯಿತು ಅಂತ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು.

ಕಳೆದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಟೈಲರಮ್ಮ. ಕೊರಳಲ್ಲಿ ಅಳತೆ ಪಟ್ಟಿ ಹಾಗೆಯೇ ನೇತಾಡುತ್ತಿತ್ತು. ತಾವಾಗಿಯೇ ಒಳಗೆ ಬಂದು ನಿಂತರು.

“ದಿನಾ ಮಧ್ಯಾಹ್ನ ನನ್ನ ತಲೆ ಮೇಲೆ ಕಾಲು ಕುಟ್ತೀಯಲ್ಲಪ್ಪ,” ಅಂದರು.

ಹೆಡ್‌ಫೋನ್ ಹಾಕಿಕೊಂಡಿದ್ದರೆ ಯಾರಿಗೂ ಕೇಳಿಸುವುದಿಲ್ಲ ಅಂತ ನಾನು ತಿಳಿದಿದ್ದೆ. ಕಾಲು ತಾಳ ಹಾಕುತ್ತಿರುವುದೇ ನನಗೆ ಗೊತ್ತಿರಲಿಲ್ಲ.

“ಕ್ಷಮಿಸಿ. ಇನ್ಮೇಲೆ ಕುಟ್ಟಲ್ಲ.”

“ಅದಕ್ಕೆ ಬರ್ಲಿಲ್ಲ. ಮೊದಲು ಜೋರು, ಆಮೇಲೆ ನಿಧಾನ, ಆಮೇಲೆ ನಿಲ್ಲುತ್ತೆ. ಮತ್ತೆ ಮೊದಲಿಂದ. ಎರಡು ತಿಂಗಳಿಂದ ಅದೇ. ಏನದು?”

ಸುಳ್ಳು ಹೇಳಬಹುದಿತ್ತು. ಆದರೆ ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು, ಎಷ್ಟು ಹೊತ್ತಾದರೂ ಸರಿ ಅನ್ನುವ ಹಾಗೆ. ಎಲ್ಲ ಹೇಳಿದೆ. ನಿನಗೆ ಹೇಳದೆ ಇದ್ದದ್ದನ್ನೂ ಹೇಳಿದೆ. ಆ ನಿಧಾನದ ಹಾಡು ಹಾಕು ಅಂತ ಕೇಳಿದ್ದು ಅವರ ಮಗಳೇ. ಹಿಂದಿನ ದಿನ ಮೆಟ್ಟಿಲ ಮೇಲೆ ಸಿಕ್ಕಿ, “ಅಣ್ಣಾ, ನನಗೋಸ್ಕರ ಅದೊಂದು ಹಾಕ್ತೀಯಾ, ಎಲ್ಲರೂ ಕುಣಿದು ಸುಸ್ತಾದ ಮೇಲೆ?” ಅಂದಿದ್ದಳು. ಅದನ್ನು ಚೆನ್ನಾಗಿ ತರಬೇಕು ಅಂತಲೇ ನಾನು ಎರಡೂ ಕಿವಿ ಮುಚ್ಚಿದ್ದು.

ಟೈಲರಮ್ಮ ಹೆಡ್‌ಫೋನ್ ಕೊಡು ಅಂದರು. ಬೇಡ ಅಂದೆ. ಕೈ ಚಾಚಿಯೇ ಇದ್ದರು. ಹಾಕಿಕೊಟ್ಟೆ. ಆ ದನಿ ಬರುವ ಜಾಗವನ್ನು ಮೂರು ಸಲ ಕೇಳಿದರು. ಅವರ ಮುಖ ನೋಡಲಾಗದೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಎದುರು ಕಟ್ಟಡದಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು.

“ಇದು ನನ್ನ ಮಗಳ ದನಿ ಅಲ್ಲ,” ಅಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಯಾರದೋ ಮಗಳದು. ಅವರಮ್ಮನೂ ಕೇಳ್ಬೇಕಲ್ವಾ ಇದನ್ನ. ನೀನು ಬಚ್ಚಿಟ್ಕೊಂಡು ಕೂತ್ರೆ ಹೇಗೆ?”

ಹೋಗುವ ಮುಂಚೆ ಇನ್ನೊಂದು ಕೇಳಿದರು. ಮಗಳ ಹಾಡು ಹಾಕು, ಹೆಡ್‌ಫೋನಿನಲ್ಲಿ ಬೇಡ, ಜೋರಾಗಿ ಹಾಕು ಅಂದರು. ಸುಮ್ಮನೆ ಆ ಹಾಡನ್ನಷ್ಟೇ ಹಾಕಬಹುದಿತ್ತು. ನಾನು ಮೊದಲ ಹಾಡಿನಿಂದಲೇ ಶುರು ಮಾಡಿ, ಬಲಗಿವಿ ತೆರೆದಿಟ್ಟುಕೊಂಡು, ಎರಡನ್ನೂ ಕೂಡಿಸಿ, ಒಂದನ್ನು ಇಳಿಸಿ ಇನ್ನೊಂದನ್ನು ತಂದೆ. ಎಲ್ಲೂ ಜಗ್ಗಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ನಾಲ್ಕೂವರೆ ನಿಮಿಷ ಅವರು ಅಲುಗಾಡದೆ ಕೂತಿದ್ದರು. ಮುಗಿದ ಮೇಲೆ, “ಇಷ್ಟೇನಾ?” ಅಂದರು.

“ಇಷ್ಟೇ.”

ಎದ್ದು ಹೋದರು. ಮರುದಿನ ಬೆಳಗ್ಗೆ ನಾನು ತನಿಖಾಧಿಕಾರಿಯ ಕಚೇರಿಗೆ ಹೋದೆ.

ತಮ್ಮ


ಏಪ್ರಿಲ್ 16

ತಮ್ಮಾ,

ಏನು ಬರೆಯಲಿ. ಅವಸರ ಮಾಡಿಬಿಟ್ಟೆ. ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ನೀನು ಕೇಳುವ ಮುಂಚೆಯೇ ನಾನು ಬೇಡ ಅಂದಿದ್ದೆ, ಅದೂ ಸರಿ. ಚಿಕ್ಕಂದಿನಲ್ಲೂ ಹೀಗೇ. ಪಾತ್ರೆ ಒಡೆದವನು ಚೂರು ಕೈಯಲ್ಲಿ ಹಿಡಿದುಕೊಂಡೇ ಅಪ್ಪನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಒಡೆದದ್ದು ನಾನಾಗಿದ್ದರೆ ಚೂರು ಹಿತ್ತಲಲ್ಲಿರುತ್ತಿತ್ತು.

ವಕೀಲರು ಯಾರಾದರೂ ಇದ್ದಾರಾ? ಅಧಿಕಾರಿ ಹೇಗೆ ಮಾತಾಡಿದರು? ಹಿಂಬಾಗಿಲ ಬಗ್ಗೆ ಬೇರೆ ಯಾರು ಏನು ಹೇಳಿದ್ದಾರೆ? ಎಲ್ಲ ಬರೆ.

ನನಗೆ ಈಚೆಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಮೊನ್ನೆ ಬೆರಳು ಕೊಯ್ದುಕೊಂಡೆ. ಚಿಕ್ಕ ಗಾಯ.

ಅಕ್ಕ


ಮೇ 5

ಅಕ್ಕಾ,

ತನಿಖೆಯ ವರದಿ ಬಂತು. ಪತ್ರಿಕೆಯಲ್ಲಿ ನನ್ನ ಫೋಟೋ ಇದೆ, ಹೆಡ್‌ಫೋನ್ ಹಾಕಿಕೊಂಡು ನಗುತ್ತಿರುವುದು, ಎರಡು ವರ್ಷ ಹಳೆಯದು.

ಎಚ್ಚರಿಕೆ ಕೊಟ್ಟರೂ ಡಿಜೆ ಲೆಕ್ಕಿಸದೆ ಸಂಗೀತ ಮುಂದುವರಿಸಿದ್ದರಿಂದ ಸಾವು ಹೆಚ್ಚಾಯಿತು ಅಂತ ಬರೆದಿದ್ದಾರೆ. ನನ್ನ ಮೇಲೆ ಮೊಕದ್ದಮೆ. ತೀರ್ಪು ಬರುವವರೆಗೆ ಎಲ್ಲೂ ಹಾಡು ಹಾಕುವಂತಿಲ್ಲ. ಸರಪಳಿಯನ್ನು ಅಂದು ವಿದ್ಯಾರ್ಥಿಗಳೇ ತಂದು ಹಾಕಿರಬೇಕು, ಹೊರಗಿನವರು ನುಗ್ಗದಿರಲಿ ಅಂತ. ಹಾಗಂತ ಸಭಾಂಗಣದ ಯಜಮಾನರು ಹೇಳಿದ್ದನ್ನೇ ಬರೆದುಕೊಂಡಿದ್ದಾರೆ. ಅದನ್ನು ಅಲ್ಲಗಳೆಯಲು ಯಾರೂ ಬಂದಿಲ್ಲ. ಸಮಾರಂಭದ ಹೊಣೆ ಹೊತ್ತಿದ್ದ ವಿದ್ಯಾರ್ಥಿಗಳು ಸತ್ತ ಆ ಆರು ಜನರಲ್ಲಿದ್ದಾರೆ.

ಕನ್ನಡಕದ ಅಂಗಡಿಯವರು ಇನ್ನು ಬರುವುದೇ ಬೇಡ ಅಂದರು. ಮೆಲ್ಲಗೇ ಹೇಳಿದರು.

ನಾನು ಮಾಡಿದ್ದು ನನ್ನದು, ಅದನ್ನು ಒಪ್ಪಿಕೊಂಡಿದ್ದೇನೆ. ಆದರೆ ಆ ಬಾಗಿಲು ನನ್ನದಲ್ಲ.

ತಮ್ಮ


ಮೇ 20

ತಮ್ಮಾ,

ಈ ಪತ್ರವನ್ನು ನಾಲ್ಕು ಸಲ ಹರಿದು ಹಾಕಿದ್ದೇನೆ. ಇದು ಐದನೆಯದು.

ಸರಪಳಿ ಯಾವಾಗಲೂ ಇತ್ತು. ನನಗೆ ಚೆನ್ನಾಗಿ ನೆನಪಿದೆ. ಹಾಕಿಸಿದವಳೇ ನಾನು.

ಅಲ್ಲಿ ಸೇರಿದ ಮೊದಲ ವರ್ಷ ಸಮಾರಂಭ ಇದ್ದಾಗಲೆಲ್ಲ ಹಿಂಬಾಗಿಲಿಂದ ಕರೆಯದ ಜನ ನುಗ್ಗುತ್ತಿದ್ದರು. ಆ ಬಾಗಿಲು ಅಡುಗೆಮನೆಯ ಓಣಿಗೇ ತೆರೆಯುವುದು. ಒಂದು ದಿನ ಕುದಿಯುವ ಎಣ್ಣೆಯ ಬಾಣಲೆಗೆ ಯಾರದೋ ಮೊಣಕೈ ತಗುಲಿ, ನನ್ನ ಜೊತೆಯ ಕೆಲಸದವಳ ಕಾಲು ಸುಟ್ಟಿತು. ನಾನು ಯಜಮಾನರ ಹತ್ತಿರ ಹೋಗಿ, “ಆ ಬಾಗಿಲಿಗೆ ಸರಪಳಿ ಹಾಕಿಸಿ, ಇಲ್ಲಾಂದ್ರೆ ನಾಳೆಯಿಂದ ನಾನು ಬರಲ್ಲ,” ಅಂದೆ. ಮರುದಿನವೇ ಹಾಕಿಸಿದರು. ಕೀಲಿ ಒಲೆಯ ಪಕ್ಕದ ಮೊಳೆಗೆ. ಶುರುವಿನಲ್ಲಿ ಬೀಗ ಹಾಕುವುದು, ತೆಗೆಯುವುದು ಎಲ್ಲ ನಾನೇ. ಅಡುಗೆಮನೆಯಲ್ಲಿ ನಾನಿರುವ ತನಕ ಕೀಲಿ ಎಲ್ಲಿದೆ ಅಂತ ಗೊತ್ತಿರುವವರೊಬ್ಬರು ಇದ್ದರು. ಕೆಲಸ ಬಿಟ್ಟು ಹಡಗಿಗೆ ಬಂದ ದಿನ ಬೇರೆ ಯಾರಿಗಾದರೂ ಹೇಳಿ ಬಂದೆನಾ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಇದು ಮಾತ್ರ ನಿಜವಾಗಿ ನೆನಪಿಲ್ಲ.

ನೀನು ಮೊದಲ ಪತ್ರದಲ್ಲಿ ಕೇಳಿದಾಗಲೇ ಹೇಳಬೇಕಿತ್ತು. ಪೆನ್‌ಡ್ರೈವ್ ಅಳಿಸು ಅಂದದ್ದು ನಿನಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ. ತನಿಖೆ ಬೆಳೆದರೆ ಬಾಗಿಲಿಗೆ ಬರುತ್ತದೆ, ಬಾಗಿಲಿನಿಂದ ನನಗೆ ಬರುತ್ತದೆ ಅನ್ನುವ ಹೆದರಿಕೆಯೂ ಅದರಲ್ಲಿ ಇತ್ತು.

ಈಗ ಏನು ಮಾಡಲಿ, ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಕ್ಕ


ಜೂನ್ 8

ತಮ್ಮಾ,

ಎರಡು ದೋಣಿ ಬಂದು ಹೋದವು. ನಿನ್ನ ಪತ್ರ ಇರಲಿಲ್ಲ. ಬೈದಾದರೂ ಬರೆ.

ಅಕ್ಕ


ಜೂನ್ 27

ಅಕ್ಕಾ,

ನಿನ್ನ ಪತ್ರ ಬಂದ ದಿನ ಮಿಕ್ಸರ್ ಮುಂದೆ ಕೂತಿದ್ದೆ. ಓದಿ ಮಡಚಿಟ್ಟು ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಅಷ್ಟು ಸುಲಭದ ಜಾಗ, ತಾಳ ಕೂಡಲೇ ಇಲ್ಲ. ಆವತ್ತಿನಿಂದ ಅದರ ಮೇಲೊಂದು ಹಳೆಯ ಹೊದಿಕೆ ಹಾಕಿಬಿಟ್ಟಿದ್ದೇನೆ.

ನನಗೆ ಸಿಟ್ಟು ಬಂದದ್ದು ಸರಪಳಿಗಲ್ಲ. ಒಬ್ಬಳ ಕಾಲು ಸುಟ್ಟಿತು, ನೀನು ಬಾಗಿಲು ಹಾಕಿಸಿದೆ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ನಾನು ಎರಡು ಸಲ ಕೇಳಿದ್ದೆ. ನೀನು ನನಗೆ ಊಟ ಮಾಡು ಅಂತ ಬರೆದೆ.

ಮೂರು ವಾರ ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅಧಿಕಾರಿಗೆ ಕೊಟ್ಟರೆ ನನಗೆ ಒಳ್ಳೆಯದು ಅಂತ ವಕೀಲರು ಅಂದರು. ಕೊಡಲಿಲ್ಲ. ಟೈಲರಮ್ಮನಿಗೆ ಕೊಟ್ಟೆ. ಅವರಿಗೆ ಗೊತ್ತಿಲ್ಲದ ಹಾಗೆ ಇದನ್ನು ಇಟ್ಟುಕೊಂಡು ಆ ಮೆಟ್ಟಿಲು ಹತ್ತಿ ಇಳಿಯುವುದು ನನ್ನಿಂದ ಆಗಲಿಲ್ಲ.

ಕನ್ನಡಕ ಹಾಕಿಕೊಂಡು ಓದಿದರು. “ನಿಮ್ಮಕ್ಕ ನನ್ನ ಮಗಳಿಗೆ ಜಡೆ ಹಾಕೋಳು,” ಅಂದರು. ಪತ್ರ ವಾಪಸು ಕೊಟ್ಟರು.

ನೀನು ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು.

ತಮ್ಮ


ಜುಲೈ 21

ತಮ್ಮಾ,

ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಊರಿನದೇ ನಿಲ್ದಾಣ. ಓದಿ ನೀನು ಬೈಯುತ್ತೀಯ.

ಕಪ್ತಾನರು ಐದು ದಿನ ರಜೆ ಕೊಟ್ಟರು. ಮೊನ್ನೆ ಬಂದು ಅಧಿಕಾರಿಯ ಮುಂದೆ ಎಲ್ಲ ಹೇಳಿದೆ. ಮೂರು ಗಂಟೆ ಹಿಡಿಯಿತು. ಯಾವ ವರ್ಷ, ಎಂಥ ಬೀಗ, ಕೀಲಿ ಎಷ್ಟು, ಎಲ್ಲ ಕೇಳಿದರು. ಕಾಲು ಸುಟ್ಟುಕೊಂಡವಳ ವಿಳಾಸವನ್ನೂ ಕೊಟ್ಟೆ. ನನ್ನ ಮೇಲೂ ಮೊಕದ್ದಮೆ ಆಗಬಹುದು ಅಂದರು. ಆಗಲಿ ಅಂದೆ. ಸಹಿ ಹಾಕಿಸಿಕೊಳ್ಳುವಾಗ ಅಧಿಕಾರಿ, “ಆರು ತಿಂಗಳು ಎಲ್ಲಿದ್ರಿ?” ಅಂದರು. ಸಮುದ್ರದ ಮೇಲೆ ಅಂದೆ. ಅದು ಉತ್ತರವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ನಿನ್ನೆ ಮಧ್ಯಾಹ್ನ ಮನೆಗೆ ಬಂದೆ. ನಿನಗೆ ಅಂತ ಒಂದು ದಪ್ಪ ಉಣ್ಣೆಯ ಸ್ವೆಟರ್ ತಂದಿದ್ದೆ. ಕೆಳಗಿನ ಬಾಗಿಲು ದಾಟಿ ಮೆಟ್ಟಿಲು ಹತ್ತಿದೆ. ನಿನ್ನ ಹತ್ತಿರ ಬರಬೇಕಾದರೆ ಎರಡನೆಯ ಮಹಡಿ ದಾಟಲೇಬೇಕಲ್ಲ. ಅಲ್ಲಿಗೆ ಬರುವಾಗ ಮೆಷಿನ್ ಸದ್ದು ನಿಂತಿತು. ನನ್ನ ಕಾಲೂ ನಿಂತಿತು. ಆ ಬಾಗಿಲ ಮುಂದೆ ಎರಡು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು. ಅಧಿಕಾರಿಯ ಮುಂದೆ ನಡುಗದವಳು ಅಲ್ಲಿ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತೆ. ಆಮೇಲೆ ಇಳಿದು ಬಂದುಬಿಟ್ಟೆ.

ಸ್ವೆಟರನ್ನು ಮೂಲೆಯ ಅಂಗಡಿಯವರ ಹತ್ತಿರ ಕೊಟ್ಟಿದ್ದೇನೆ, ಇಸಿದುಕೋ. ರೈಲು ಬಂತು.

ಅಕ್ಕ


ಜುಲೈ 30

ಅಕ್ಕಾ,

ಸ್ವೆಟರ್ ತೋಳು ಉದ್ದ. ಟೈಲರಮ್ಮ ಮಡಚಿ ಹೊಲಿದುಕೊಟ್ಟರು.

ಸುದ್ದಿ ಮೊದಲು ಹೇಳುತ್ತೇನೆ. ನಿನ್ನ ಹೇಳಿಕೆಯ ಮೇಲೆ ಸಭಾಂಗಣದ ಯಜಮಾನರನ್ನು ಬಂಧಿಸಿದ್ದಾರೆ. ಕಾಲು ಸುಟ್ಟುಕೊಂಡವರೂ ಬಂದು ಸಾಕ್ಷಿ ಹೇಳಿದರು. ನೀನು ಹೋದ ಮೇಲೆ ಕೀಲಿ ಯಜಮಾನರ ಮೇಜಿನ ಖಾನೆಗೆ ಹೋಯಿತಂತೆ. ಯಾರಿಗೆ ಹೇಳಿ ಹೋದೆ ಅನ್ನುವ ಪ್ರಶ್ನೆ ಇನ್ನು ಬೇಡ. ನನ್ನ ಮೊಕದ್ದಮೆ ಹಾಗೆಯೇ ಇದೆ. ಅಕ್ಟೋಬರಿನಲ್ಲಿ ವಿಚಾರಣೆ. ಅದು ಇರಬೇಕಾದದ್ದೇ. ನಿನ್ನ ಮೇಲೆ ಏನು ಮಾಡುತ್ತಾರೋ ವಕೀಲರಿಗೂ ಗೊತ್ತಿಲ್ಲ.

ಆ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆ. ಸುಮ್ಮನೆ ಮಲಗಿದ್ದೆ. ನೀನು ಬಂದದ್ದು ಟೈಲರಮ್ಮನಿಗೆ ಗೊತ್ತಾಗಿದೆ. “ಹತ್ತಿ ಬಂದ ಹೆಜ್ಜೆ ನನ್ನ ಬಾಗ್ಲ ಹತ್ರ ನಿಂತ್ಕೊಳ್ತು. ನಾನು ಎದ್ದು ಬರೋಷ್ಟರಲ್ಲಿ ಇಳಿದುಹೋಯ್ತು. ನಿಮ್ಮಕ್ಕನೇ ಇರ್ಬೇಕು,” ಅಂದರು ಸಂಜೆ.

ಹೌದು, ಅವಳೇ ಅಂತ ನಿನ್ನ ಪತ್ರ ಬಂದ ಮೇಲೆ ಹೇಳಿದೆ. ನಿನಗೆ ಏನಾದರೂ ಬರೆಯಬೇಕಾ ಅಂತಲೂ ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿದರು.

“ಕ್ಷಮಿಸಿದೀನಿ ಅಂತ ಬರೀಬೇಡ. ಅದು ನನಗೇ ಗೊತ್ತಿಲ್ಲ. ಆದ್ರೆ ಒಂದು ಕೇಳೋದಿದೆ, ಮುಂದಿನ ಸಲ ಬಂದ್ರೆ ವಾಪಸು ಹೋಗ್ಬೇಡ ಅನ್ನು. ಸಭಾಂಗಣದ ಆ ಹಿಂಬಾಗ್ಲು ಮುಚ್ಚಿದ್ದಾಗ ಅದರ ಹತ್ರ ನಿಂತ್ಕೊಂಡ್ರೆ ಸಂದಿಯಿಂದ ಗಾಳಿ ಬರ್ತಿತ್ತಾ, ಇಲ್ವಾ? ನನ್ನ ಮಗಳು ಕೊನೆಗೆ ನಿಂತಿದ್ದು ಅಲ್ಲೇ. ಅಧಿಕಾರಿಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಾಲ್ಕು ವರ್ಷ ಅಲ್ಲಿ ನಿಂತೋಳು ಅವಳೇ.”

ಏನಿದ್ದರೂ ನಿಜವನ್ನೇ ಹೇಳಬೇಕು, ಅಕ್ಕ. ಬರುವಷ್ಟರಲ್ಲಿ ನೆನಪು ಮಾಡಿಕೋ.

ತಮ್ಮ